ಮನೆಯಲ್ಲೇ ಮಾಡಿದ ಗಾಥಿಕ್ ಒಡವೆ: ಕಪ್ಪು ಬಣ್ಣ ನಿಲ್ಲುತ್ತಿಲ್ಲ, ಬೆಲೆ ಹೇಗಿಡಬೇಕೋ ತಿಳಿಯುತ್ತಿಲ್ಲ

ಬಾವಲಿರೆಕ್ಕೆ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನೆಯಲ್ಲೇ ಕೂತು ಒಡವೆ ಮಾಡುತ್ತಿದ್ದೇನೆ. ಹೂವು, ಮುತ್ತು ಅಂಥದ್ದಲ್ಲ. ಬಾವಲಿ, ಕಾಗೆಯ ತಲೆ, ಮುಳ್ಳುಬಳ್ಳಿ, ಬಿದಿಗೆ ಚಂದ್ರ, ಚೂಪು ಕಮಾನಿನ ಕಿಟಕಿ, ಡ್ರ್ಯಾಗನ್ ಕಣ್ಣು, ಇಂಥವು. ಗಾಥಿಕ್ ಅಂತಾರಲ್ಲ, ಅದೇ. ಜೊತೆಗೆ ಸ್ವಲ್ಪ ಮಾಯಾಲೋಕದ ಕಥೆಗಳ ಗಾಳಿ. ಚಿಕ್ಕಂದಿನಿಂದಲೂ ನನಗೆ ಕತ್ತಲು ಅಂದರೆ ಹೆದರಿಕೆಗಿಂತ ಇಷ್ಟವೇ ಜಾಸ್ತಿ, ಕೈಗೆ ತಂತಿ ಸಿಕ್ಕಿದರೆ ಅದು ತಾನಾಗಿ ಆ ಕಡೆಗೇ ಬಾಗುತ್ತದೆ.

ಆರು ತಿಂಗಳಿಂದ ಮಾರುತ್ತಿದ್ದೇನೆ. ನಲವತ್ತರ ಹತ್ತಿರ ಹೋಗಿವೆ. ತುಂಬಾ ಖುಷಿಯಾಗಿದ್ದೆ. ಆದರೆ ಈಗ ಒಂದೊಂದೇ ದೂರು ಬರತೊಡಗಿದೆ, ಮತ್ತು ಆ ದೂರುಗಳೆಲ್ಲ ನ್ಯಾಯವಾದವೇ.

ಹಿತ್ತಾಳೆ ತಂತಿಯಲ್ಲಿ ಆಕಾರ ಮಾಡಿ ಮೇಲೆ ಕಪ್ಪು ಅಕ್ರಿಲಿಕ್ ಬಳಿಯುತ್ತೇನೆ. ಮೂರು ವಾರಕ್ಕೆ ಅಂಚುಗಳಲ್ಲಿ ಬಣ್ಣ ಎದ್ದು ಬರುತ್ತದೆ. ಒಬ್ಬರ ಬಿಳಿ ಅಂಗಿಯ ಕಾಲರ್ ಹಾಳಾಯಿತು, ಅವರು ಕಳಿಸಿದ ಫೋಟೊ ನೋಡಿ ನಾಚಿಕೆಯಾಗಿ ದುಡ್ಡು ವಾಪಸ್ ಕೊಟ್ಟೆ. ಇನ್ನೊಬ್ಬರಿಗೆ ನನ್ನ ಓಲೆ ಹಾಕಿ ಕಿವಿ ಕೆಂಪಾಗಿ ನೀರು ಬಂತು. ಆ ಕೊಕ್ಕೆಗಳನ್ನು ನಾನು 'ಬೆಳ್ಳಿ ಬಣ್ಣ' ಅಂತ ಮಾತ್ರ ನೋಡಿ ತಂದಿದ್ದೆ, ಯಾವ ಲೋಹ ಅಂತ ಕೇಳಿರಲಿಲ್ಲ. ಡ್ರ್ಯಾಗನ್ ಕಣ್ಣಿಗೆ ಕಪ್ಪು ಯುವಿ ರೆಸಿನ್ (ನೇರಳಾತೀತ ದೀಪದ ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಸುರಿಯುತ್ತೇನೆ, ಮೇಲೆ ಗಾಜಿನ ಹಾಗೆ ಗಟ್ಟಿ, ಒಳಗೆ ಜೇನಿನ ಹಾಗೆ ಅಂಟು.

ಬೆಲೆಯದ್ದು ಬೇರೆಯೇ ಕಥೆ. ವಸ್ತುವಿನ ಖರ್ಚಿನ ಎರಡರಷ್ಟು ಇಡುತ್ತೇನೆ. ಕುತ್ತಿಗೆಗೆ ಅಂಟಿ ಕೂರುವ ಒಂದು ಮುಳ್ಳಿನ ಚೋಕರ್‌ಗೆ ಐದು ಗಂಟೆ ಬೇಕು. ಕೂತು ಲೆಕ್ಕ ಹಾಕಿದರೆ ಕೈಗೆ ಏನೂ ಉಳಿಯುತ್ತಿಲ್ಲ. ಬಿಡುವ ಮನಸ್ಸಿಲ್ಲ. ಸರಿಯಾಗಿ ಮಾಡಬೇಕು ಅಂತ ಆಸೆ. ಅನುಭವ ಇದ್ದವರು ಹೇಳಿ.

ಇಕ್ಕಳ_ಸುತ್ತಿಗೆ:

ಬಾವಲಿರೆಕ್ಕೆ ಅವರೇ, ಮೊದಲು ಬಣ್ಣದ ಡಬ್ಬಿ ಮುಚ್ಚಿ ಪಕ್ಕಕ್ಕಿಡಿ. ಮೈಗೆ ಉಜ್ಜುವ ಲೋಹದ ಮೇಲೆ ಅಕ್ರಿಲಿಕ್ ಎಂದೂ ನಿಲ್ಲುವುದಿಲ್ಲ. ಲೋಹದ ಮೇಲೆ ಕಪ್ಪನ್ನು ಬಳಿಯಬಾರದು, ಲೋಹವನ್ನೇ ಕಪ್ಪಾಗಿಸಬೇಕು. ನಾನು ಹದಿನೈದು ವರ್ಷದಿಂದ ತಾಮ್ರ, ಬೆಳ್ಳಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ಇದೊಂದು ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಬೆಳ್ಳಿ ತಾನಾಗಿ ಕಪ್ಪಾಗುವುದನ್ನು ನೋಡಿದ್ದೀರಿ ಅಲ್ವಾ? ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ, ಅದು ಕಪ್ಪು. ವರ್ಷಗಟ್ಟಲೆ ಆಗುವ ಅದೇ ಕೆಲಸವನ್ನು ನಾವು ಐದು ನಿಮಿಷದಲ್ಲಿ ಮಾಡಿಸುತ್ತೇವೆ, ಅಷ್ಟೇ. ಇದಕ್ಕೆ 'ಲಿವರ್ ಆಫ್ ಸಲ್ಫರ್' ಅಂತ ಒಂದು ಗಂಧಕದ ರಾಸಾಯನಿಕ ಸಿಗುತ್ತದೆ, ಗಟ್ಟಿ ಚೂರಾಗಿಯೂ ಬರುತ್ತದೆ, ಜೆಲ್ ಆಗಿಯೂ ಬರುತ್ತದೆ. ಬಿಸಿ ನೀರಿಗೆ ಚೂರೇ ಚೂರು ಹಾಕಿ. ಕುದಿಯುವ ನೀರು ಬೇಡ. ಒಡವೆಯನ್ನು ಪಾತ್ರೆ ತೊಳೆಯುವ ಸೋಪಿನಿಂದ ತಿಕ್ಕಿ ತೊಳೆದಿರಬೇಕು, ಬೆರಳಿನ ಜಿಡ್ಡು ಇದ್ದ ಕಡೆ ಕಪ್ಪು ಹಿಡಿಯುವುದಿಲ್ಲ. ಕೆಲವು ಸೆಕೆಂಡು ಮುಳುಗಿಸಿ, ತೆಗೆದು ತಣ್ಣೀರಲ್ಲಿ ತೊಳೆದು, ಮತ್ತೆ ಮುಳುಗಿಸಿ. ಮೊದಲು ಚಿನ್ನದ ಬಣ್ಣ ಬರುತ್ತದೆ, ಆಮೇಲೆ ಕೆನ್ನೇರಳೆ, ನೀಲಿ, ಕೊನೆಗೆ ಕಪ್ಪು. ಒಮ್ಮೆಲೇ ಗಾಢ ದ್ರಾವಣಕ್ಕೆ ಹಾಕಿದರೆ ಕಪ್ಪು ಬೇಗ ಬರುತ್ತದೆ ನಿಜ, ಆದರೆ ಪದರ ದಪ್ಪವಾಗಿ ಉದುರುತ್ತದೆ. ನಿಧಾನವಾಗಿ ಹಿಡಿದ ಕಪ್ಪೇ ನಿಲ್ಲುವ ಕಪ್ಪು. ಸಾಕು ಅನಿಸಿದಾಗ ಅಡುಗೆ ಸೋಡಾ ಕಲಸಿದ ನೀರಿಗೆ ಹಾಕಿ, ಅಲ್ಲಿಗೆ ಕ್ರಿಯೆ ನಿಲ್ಲುತ್ತದೆ.

ಆಮೇಲಿನ ಹಂತ ನನಗೆ ಎಲ್ಲಕ್ಕಿಂತ ಇಷ್ಟ. ತುಂಬಾ ನಯವಾದ ಸ್ಟೀಲ್ ವುಲ್ ಅಥವಾ 600 ನಂಬರಿನ ಉಪ್ಪು ಕಾಗದ ತೆಗೆದುಕೊಂಡು ಉಬ್ಬಿದ ಭಾಗಗಳನ್ನು ಮಾತ್ರ ಹಗುರವಾಗಿ ಉಜ್ಜಿ. ಎತ್ತರದಲ್ಲಿ ಲೋಹ ಮಿನುಗುತ್ತದೆ, ತಗ್ಗಿನಲ್ಲಿ ಕಪ್ಪು ಕೂತಿರುತ್ತದೆ. ನಿಮ್ಮ ಬಾವಲಿಯ ರೆಕ್ಕೆಯ ಮೂಳೆಗಳು ಆಗ ಎದ್ದು ಕಾಣುತ್ತವೆ ನೋಡಿ. ಇನ್ನೊಂದು ಲಾಭ ಇದೆ: ಚರ್ಮಕ್ಕೆ, ಬಟ್ಟೆಗೆ ತಾಗುವುದು ಎತ್ತರದ ಭಾಗ. ಅಲ್ಲಿ ಕಪ್ಪೇ ಇಲ್ಲದಿದ್ದರೆ ಹೋಗುವುದಕ್ಕೆ ಏನಿದೆ? ಕೊನೆಗೆ ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ ಸವರಿ ಮೆತ್ತನೆಯ ಬಟ್ಟೆಯಿಂದ ಒರೆಸಿ.

ಮೂರು ಎಚ್ಚರಿಕೆ ಹೇಳಲೇಬೇಕು. ಕಿಟಕಿ ತೆರೆದಿರಲಿ. ಆ ದ್ರಾವಣಕ್ಕೆ ಯಾವ ಆಮ್ಲವನ್ನೂ, ವಿನಿಗರ್ ಕೂಡ, ಸೇರಿಸಬೇಡಿ, ಹೈಡ್ರೋಜನ್ ಸಲ್ಫೈಡ್ ಅನಿಲ ಬರುತ್ತದೆ, ಅದು ವಿಷ. ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ.

ಮತ್ತೆ ನಿಮ್ಮ ಹಿತ್ತಾಳೆ ವಿಚಾರ. ಇದು ಹಿತ್ತಾಳೆಯ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಮಂಕು ಕಂದು ಬಂದರೆ ಹೆಚ್ಚು. ತಾಮ್ರಕ್ಕೆ ಬದಲಾಯಿಸಿ. ಬಣ್ಣ ಹೋಗದ ಹಾಗೆ ಮೆರುಗು ಲೇಪ ಹಾಕಿದ ತಂತಿ ಬೇಡ, ಆ ಲೇಪದ ಒಳಗೆ ಗಂಧಕ ಇಳಿಯುವುದಿಲ್ಲ. ಖಾಲಿ ತಾಮ್ರವೇ ಬೇಕು. ಚೌಕಟ್ಟಿಗೆ 18 ಅಥವಾ 20 ಗೇಜ್, ಸುತ್ತುವುದಕ್ಕೆ 26 ಅಥವಾ 28. ನಂಬರ್ ಜಾಸ್ತಿಯಾದಷ್ಟೂ ತಂತಿ ತೆಳು, ಹೊಸಬರಿಗೆ ಇದು ಗೊಂದಲ ಮಾಡುತ್ತದೆ. 20 ಗೇಜ್ ಅಂದರೆ ಸುಮಾರು 0.8 ಮಿಲಿಮೀಟರ್, 28 ಅಂದರೆ 0.32.

ರಾತ್ರಿಗೆಲಸ:

ರೆಸಿನ್ ಬಗ್ಗೆ ನಾನು ಹೇಳುತ್ತೇನೆ. ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವಳು.

ಯುವಿ ರೆಸಿನ್ ಗಟ್ಟಿಯಾಗುವುದು ಬೆಳಕಿನಿಂದ. ಕಪ್ಪು ಪುಡಿ ಬೆಳಕನ್ನು ನುಂಗುತ್ತದೆ. ಹಾಗಾಗಿ ಮೇಲಿನ ತೆಳು ಪದರ ಗಟ್ಟಿಯಾಗಿ, ಅದೇ ಒಳಗಿನದಕ್ಕೆ ಮುಚ್ಚಳವಾಗಿಬಿಡುತ್ತದೆ. ನಿಮ್ಮ ದೀಪ ಕೆಟ್ಟಿಲ್ಲ, ಎಷ್ಟು ಹೊತ್ತು ಇಟ್ಟರೂ ಅದು ಆಗುವುದಿಲ್ಲ. ಎರಡು ದಾರಿ ಇವೆ. ಒಂದು, ಉಗುರಿನಷ್ಟು ತೆಳುವಾದ ಪದರ ಹಾಕುತ್ತಾ ಪ್ರತಿ ಸಲವೂ ದೀಪದ ಕೆಳಗೆ ಇಡುವುದು. ಎರಡನೆಯದು ನನಗೆ ಹಿಡಿಸಿದ್ದು: ಅಚ್ಚಿನ ತಳಕ್ಕೆ ಮಾತ್ರ ಕಪ್ಪು, ಅದರ ಮೇಲೆ ಪೂರ್ತಿ ತಿಳಿ ರೆಸಿನ್. ಕಣ್ಣಿಗೆ ಆಳವಾದ ಬಾವಿಯ ಹಾಗೆ ಕಾಣುತ್ತದೆ. ನಿಮ್ಮ ಡ್ರ್ಯಾಗನ್ ಕಣ್ಣಿಗೆ ಇದೇ ಸರಿ, ಮೊದಲ ಪದರದ ಮೇಲೆ ಸೀಳು ಪಾಪೆಯನ್ನು ಬರೆದು ಮೇಲೆ ತಿಳಿ ಸುರಿಯಿರಿ. ಇಡೀ ತುಂಡು ಗಟ್ಟಿ ಕಪ್ಪೇ ಬೇಕಿದ್ದರೆ ಎರಡು ಭಾಗ ಬೆರೆಸುವ ಎಪಾಕ್ಸಿಗೆ ಹೋಗಿ. ಅದಕ್ಕೆ ಬೆಳಕು ಬೇಡ, ಒಂದು ದಿನದಿಂದ ಮೂರು ದಿನ ತಾಳ್ಮೆ ಬೇಕು, ಮತ್ತು ಅಳತೆ ಡಬ್ಬಿಯ ಮೇಲೆ ಹೇಳಿದಂತೆಯೇ ಇರಬೇಕು. ಕಣ್ಣಂದಾಜಿಗೆ ಹಾಕಿದ ಎಪಾಕ್ಸಿ ಜನ್ಮದಲ್ಲಿ ಗಟ್ಟಿಯಾಗುವುದಿಲ್ಲ.

ದಯವಿಟ್ಟು ನೈಟ್ರೈಲ್ ಗ್ಲೌಸ್ ಹಾಕಿ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಮೇಲೆ ಅದು ಹೋಗುವುದಿಲ್ಲ, ಚೂರು ತಾಗಿದರೂ ಮೈ ಕೆರೆತ. ನನ್ನ ಬಲಗೈ ಮಣಿಕಟ್ಟಿಗೆ ಹಾಗಾಗಿದೆ. ಈಗ ನಾನು ಉದ್ದ ತೋಳು, ಗ್ಲೌಸ್, ತೆರೆದ ಕಿಟಕಿ ಇಲ್ಲದೆ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ. ರೆಸಿನ್ ಉಜ್ಜುವಾಗ ನೀರು ಹಾಕಿಯೇ ಉಜ್ಜಿ, ಪುಡಿ ಮೂಗಿಗೆ ಹೋಗಬಾರದು.

ಹೆಸರಿರಲಿ:

ಕಿವಿಯ ವಿಷಯ ಯಾರೂ ಮುಟ್ಟಲಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಬಣ್ಣ ಹೋದರೆ ಅಂಗಿ ಹಾಳು, ಕೊಕ್ಕೆ ಕೆಟ್ಟದ್ದಾಗಿದ್ದರೆ ಮನುಷ್ಯರ ಕಿವಿ ಹಾಳು.

ಬಹುಪಾಲು ಇದು ನಿಕಲ್. ಬೆಳ್ಳಿ ಬಣ್ಣದ ಅಗ್ಗದ ಕೊಕ್ಕೆಗಳಲ್ಲಿ ಅದು ಇರುತ್ತದೆ. 'ಜರ್ಮನ್ ಸಿಲ್ವರ್' ಅನ್ನುವುದರಲ್ಲಿ ಬೆಳ್ಳಿ ಒಂದು ಕಾಳಷ್ಟೂ ಇಲ್ಲ, ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ಕಾನೂನೇ ಇದೆ: ಚುಚ್ಚಿದ ರಂಧ್ರದೊಳಗೆ ಹೋಗುವ ಭಾಗದಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕಲ್ ಹೊರಬರಬಾರದು, ಚರ್ಮಕ್ಕೆ ತಾಗಿಕೊಂಡೇ ಇರುವ ಬೇರೆ ಒಡವೆಗೆ 0.5. ಆ ಕಡೆಗೆ ಕಳಿಸುವ ಯೋಚನೆ ಇದ್ದರೆ ಇದು ನೆನಪಿರಲಿ. ಎಲ್ಲಿಗೂ ಕಳಿಸದಿದ್ದರೂ ಕಿವಿ ಎಲ್ಲರದ್ದೂ ಒಂದೇ ಅಲ್ವಾ.

ಕೊಕ್ಕೆಗೆ ಟೈಟಾನಿಯಂ ಅಥವಾ ನಿಯೋಬಿಯಂ ತನ್ನಿ. ನಿಯೋಬಿಯಂ ಕಪ್ಪು ಬಣ್ಣದಲ್ಲೂ ಸಿಗುತ್ತದೆ, ನಿಮ್ಮ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. 316ಎಲ್ ಸ್ಟೀಲ್‌ನಲ್ಲಿ ನಿಕಲ್ ಇದೆ, ಆದರೆ ಬಿಗಿಯಾಗಿ ಕೂತಿರುವುದರಿಂದ ಹೊರಬರುವುದು ಬಹಳ ಕಡಿಮೆ, ಹೆಚ್ಚಿನವರಿಗೆ ತೊಂದರೆ ಇಲ್ಲ. ಆದರೂ 'ನಿಕಲ್ ಇಲ್ಲ' ಅಂತ ಅದರ ಮೇಲೆ ಬರೆಯಬೇಡಿ, ಅದು ಸುಳ್ಳಾಗುತ್ತದೆ. ಬೆಳ್ಳಿ ತರುವುದಾದರೆ 925 ಗುರುತು ನೋಡಿ, ನೂರಕ್ಕೆ 92.5 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ.

ಹೆಸರು ಹೇಳುವ ವಿಷಯ ಬಂತು ಅಂತ ಇನ್ನೂ ಸ್ವಲ್ಪ ಹೇಳುತ್ತೇನೆ. ಕಪ್ಪು ಒಡವೆಯ ಇತಿಹಾಸದಲ್ಲಿ ಇದೊಂದು ಹಳೇ ಜಗಳ. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಕಪ್ಪು ಬಿಡಲೇ ಇಲ್ಲ, ಇಂಗ್ಲೆಂಡಿನ ವಿಟ್ಬಿ ಊರಿನ ಜೆಟ್‌ಗೆ ಭಾರಿ ಬೇಡಿಕೆ ಬಂತು. ಜೆಟ್ ಕಲ್ಲಲ್ಲ, ಕೋಟ್ಯಂತರ ವರ್ಷ ಹೂತು ಕಪ್ಪಾದ ಮರ. ಬೇಡಿಕೆ ಬಂದಾಗ ನಕಲೂ ಬಂತು, ಕಪ್ಪು ಗಾಜನ್ನು 'ಫ್ರೆಂಚ್ ಜೆಟ್' ಅಂತ ಮಾರಿದರು. ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ, ಜೆಟ್ ಹಗುರ ಮತ್ತು ಬೆಚ್ಚಗೆ, ಗಾಜು ಭಾರ ಮತ್ತು ತಣ್ಣಗೆ. ಗಾಜಿನಲ್ಲಿ ತಪ್ಪೇನಿಲ್ಲ, ಅದೂ ಚೆಂದವೇ. ಗಾಜು ಅಂತ ಹೇಳಿ ಮಾರಬೇಕು, ಅಷ್ಟೇ. ಕಪ್ಪು ಓನಿಕ್ಸ್ ಅಂತ ಮಾರುವ ಕಲ್ಲು ಕೂಡ ಬಹುಪಾಲು ಬಣ್ಣ ಹಾಕಿದ ಅಗೇಟ್ ಕಲ್ಲು. ಸಕ್ಕರೆ ದ್ರಾವಣದಲ್ಲಿ ನೆನೆಸಿ ಆಮೇಲೆ ಗಂಧಕಾಮ್ಲಕ್ಕೆ ಹಾಕುತ್ತಾರೆ, ಕಲ್ಲಿನೊಳಗಿನ ಸಕ್ಕರೆ ಇದ್ದಿಲಾಗಿ ಕಲ್ಲು ಕಪ್ಪಾಗುತ್ತದೆ. 'ಓಪಲೈಟ್' ಅಂತ ಸಿಗುವುದು ಗಾಜು. ಇವನ್ನೆಲ್ಲ ಹಾಗೇ ಬರೆಯಿರಿ. ಬರೆದರೆ ಮಾರಾಟ ಕಡಿಮೆಯಾಗುತ್ತದೆ ಅಂತ ಹೆದರಬೇಡಿ, ಈ ಶೈಲಿ ಇಷ್ಟಪಡುವವರು ಇಂಥ ವಿವರಗಳನ್ನು ಕೂತು ಓದುತ್ತಾರೆ.

ಬಾವಲಿರೆಕ್ಕೆ:

ಇಷ್ಟು ಬೇಗ ಇಷ್ಟೊಂದು ಉತ್ತರ! ತುಂಬಾ ಥ್ಯಾಂಕ್ಸ್. ಕಿವಿಗೆ ತೊಂದರೆಯಾದವರಿಗೆ ಟೈಟಾನಿಯಂ ಕೊಕ್ಕೆ ಹಾಕಿ ಬೇರೆ ಜೊತೆ ಕಳಿಸುತ್ತೇನೆ. ಸ್ಟಾಕ್‌ನಲ್ಲಿರುವ ಹಳೇ ಕೊಕ್ಕೆಗಳನ್ನೆಲ್ಲ ಇವತ್ತೇ ಕಿತ್ತು ಹಾಕಿದೆ.

ಒಂದು ಪ್ರಶ್ನೆ. ಲಿವರ್ ಆಫ್ ಸಲ್ಫರ್ ಬರಲು ಹತ್ತು ದಿನ ಆಗುತ್ತದಂತೆ. ಬೇಯಿಸಿದ ಮೊಟ್ಟೆಯಿಂದಲೂ ಕಪ್ಪಾಗುತ್ತದೆ ಅಂತ ಎಲ್ಲೋ ಕೇಳಿದ್ದೆ, ನಿಜವಾ? ಬೆಲೆ ಬಗ್ಗೆಯೂ ಯಾರಾದರೂ ಹೇಳಿ.

ಲೆಕ್ಕದಪುಸ್ತಕ:

ಬೆಲೆಗೆ ನಾನು ಬಂದೆ. ವಸ್ತುವಿನ ಎರಡರಷ್ಟು ಅನ್ನುವ ಲೆಕ್ಕ ಈ ಕೆಲಸಕ್ಕೆ ಹೊಂದುವುದೇ ಇಲ್ಲ. ತಾಮ್ರ ತಂತಿಗೆ ಏನು ಖರ್ಚು? ನಿಮ್ಮ ಒಡವೆಯಲ್ಲಿ ಬೆಲೆಯಿರುವುದು ಗಂಟೆಗಳಿಗೆ. ಚಿನ್ನದ ಅಂಗಡಿಯವರಿಗೆ ಲೋಹವೇ ಬಂಡವಾಳ, ನಿಮಗೆ ಕೈ.

ಒಂದು ವಾರ ಗಡಿಯಾರ ಪಕ್ಕದಲ್ಲಿಟ್ಟುಕೊಳ್ಳಿ. ತಂತಿ ಬಾಗಿಸುವುದು ಮಾತ್ರ ಅಲ್ಲ, ಕಪ್ಪೇರಿಸುವುದು, ಉಜ್ಜುವುದು, ಫೋಟೊ, ಮೆಸೇಜಿಗೆ ಉತ್ತರ, ಪ್ಯಾಕಿಂಗ್, ಪಾರ್ಸೆಲ್ ಕೊಟ್ಟು ಬರುವುದು ಎಲ್ಲವನ್ನೂ ಬರೆಯಿರಿ. ಗಂಟೆಗೆ ನಿಮಗೆ ಇಷ್ಟು ಬೇಕು ಅಂತ ಒಂದು ಅಂಕಿ ಗಟ್ಟಿ ಮಾಡಿ. ವಸ್ತು, ಗಂಟೆಗಳ ಕೂಲಿ, ಪೆಟ್ಟಿಗೆ, ಮುರಿದು ಹಾಳಾದದ್ದರ ಪಾಲು, ಇವೆಲ್ಲ ಸೇರಿದರೆ ಅದು ನಿಮ್ಮ ಖರ್ಚು. ಅದರ ಮೇಲೆ ಲಾಭ ಬೇರೆ. ಇದನ್ನು ಹಾಕದೆ ಹೋದರೆ ಮುಂದೆ ಯಾವುದಾದರೂ ಅಂಗಡಿಯವರು ಇಪ್ಪತ್ತು ಪೀಸ್ ಸಗಟು ಕೊಡಿ ಅಂದಾಗ ನಿಮ್ಮ ಹತ್ತಿರ ಬಿಟ್ಟುಕೊಡಲು ಏನೂ ಇರುವುದಿಲ್ಲ, ಅವರು ಸಾಮಾನ್ಯವಾಗಿ ಅರ್ಧ ಬೆಲೆಗೇ ಕೇಳುವುದು.

ಆನ್‌ಲೈನ್ ಮಾರುಕಟ್ಟೆಯ ಕಮಿಷನ್ ಮರೆಯಬೇಡಿ. ಉದಾಹರಣೆಗೆ ಎಟ್ಸಿಯಲ್ಲಿ 2022ರ ಏಪ್ರಿಲ್‌ನಲ್ಲಿ ಅದನ್ನು 5%ರಿಂದ 6.5%ಗೆ ಏರಿಸಿದರು, ಅದು ಸಾಗಣೆ ಹಣದ ಮೇಲೂ ಬೀಳುತ್ತದೆ. ಲಿಸ್ಟಿಂಗ್ ಶುಲ್ಕ, ಹಣ ಪಾವತಿಯ ಶುಲ್ಕ ಬೇರೆ. ಇವನ್ನೆಲ್ಲ ಬೆಲೆ ಇಟ್ಟ ಮೇಲೆ ನೋಡುವುದಲ್ಲ, ಇಡುವ ಮೊದಲೇ ಸೇರಿಸಬೇಕು.

ಐದು ಗಂಟೆಯ ಚೋಕರ್ ದುಬಾರಿ ಆಗುತ್ತದೆ. ಆಗಲಿ. ಅದನ್ನು ಅಗ್ಗ ಮಾಡಬೇಡಿ, ಅದರ ಪಕ್ಕಕ್ಕೆ ಅರ್ಧ ಗಂಟೆಯಲ್ಲಿ ಮುಗಿಯುವ ಮುಳ್ಳಿನ ಓಲೆ ಇಡಿ. ಅದೇ ಮುಳ್ಳು, ಅದೇ ಕೈ. ಚೋಕರ್ ನೋಡಿ ಆಸೆಪಟ್ಟವರು ಓಲೆ ಕೊಳ್ಳುತ್ತಾರೆ, ಆರು ತಿಂಗಳ ಮೇಲೆ ಕೆಲವರು ಚೋಕರ್‌ಗೂ ಬರುತ್ತಾರೆ. ನನ್ನ ಮಾರಾಟದಲ್ಲಿ ಇದು ಮತ್ತೆ ಮತ್ತೆ ಆಗಿದೆ. ಸಮಯ ಉಳಿಸುವುದು ಒಂದೇ ಕೆಲಸವನ್ನು ಗುಂಪಾಗಿ ಮಾಡಿದಾಗ: ಒಂದು ದಿನ ಇನ್ನೂರು ಜಂಪ್ ರಿಂಗ್ (ತುಂಡುಗಳನ್ನು ಜೋಡಿಸುವ ಪುಟ್ಟ ತಂತಿ ಬಳೆ) ಕತ್ತರಿಸಿ, ಒಂದು ದಿನ ಬರೀ ಮುಳ್ಳು ಸುತ್ತಿ, ಒಂದು ದಿನ ಎಲ್ಲವನ್ನೂ ಒಟ್ಟಿಗೆ ಕಪ್ಪಾಗಿಸಿ.

ಚೋಕರ್ ಮಾಡುವಾಗ ಹಿಂದೆ ಐದು ಸೆಂಟಿಮೀಟರ್ ಹೆಚ್ಚುವರಿ ಸರಪಳಿ ಬಿಡಿ. ಕುತ್ತಿಗೆ ಎಲ್ಲರದ್ದೂ ಒಂದೇ ಅಳತೆ ಅಲ್ಲ, ವಾಪಸ್ ಬರುವುದು ಇದರಿಂದ ಬಹಳ ಕಡಿಮೆಯಾಗುತ್ತದೆ.

ಕಮಾನು_ಕಿಟಕಿ:

ನನ್ನದು ಎರಡೇ ಮಾತು. ಕಪ್ಪು ಒಡವೆಯನ್ನು ಫೋನಿನಲ್ಲಿ ತೆಗೆದಾಗ ಬೂದು ಬರುತ್ತದೆ, ಯಾಕೆಂದರೆ ಕ್ಯಾಮೆರಾ ಕತ್ತಲು ನೋಡಿ ಬೆಳಕು ಹೆಚ್ಚಿಸುತ್ತದೆ. ಪರದೆ ಮುಟ್ಟಿ ಎಕ್ಸ್‌ಪೋಶರ್ ಸ್ವಲ್ಪ ಕೆಳಗೆ ಎಳೆಯಿರಿ. ಬಿಳಿ ಹಾಳೆ ಬೇಡ, ಬೂದು ಕಲ್ಲೋ ಹಳೇ ಮರವೋ ಇರಲಿ. ಬೆಳಕು ಕಿಟಕಿಯಿಂದ ಪಕ್ಕಕ್ಕೆ ಬೀಳಲಿ, ಮಧ್ಯೆ ತೆಳು ಬಿಳಿ ಬಟ್ಟೆ ಕಟ್ಟಿ. ಒಂದು ಫೋಟೊ ಕುತ್ತಿಗೆಯ ಮೇಲೆ ಇರಲೇಬೇಕು, ಗಾತ್ರ ಗೊತ್ತಾಗುವುದು ಅದರಿಂದಲೇ.

ಇನ್ನೊಂದು, ಸಿನಿಮಾ ಅಥವಾ ಆಟಗಳ ಲಾಂಛನ, ಪಾತ್ರದ ಹೆಸರು, ಅವರ ಉಂಗುರದ ವಿನ್ಯಾಸ ಬಳಸಬೇಡಿ. ಗಿರಾಕಿ ಕೇಳಿದರೂ ಬೇಡ. ಅವು ಬೇರೆಯವರ ಸ್ವತ್ತು. ಚೂಪು ಕಮಾನು, ಗುಲಾಬಿಯಂಥ ದುಂಡು ಕಿಟಕಿ, ಬಾವಲಿ, ಡ್ರ್ಯಾಗನ್ ಯಾರ ಸ್ವತ್ತೂ ಅಲ್ಲ. ಪ್ಯಾರಿಸ್ ಹತ್ತಿರದ ಸೇಂಟ್ ಡೆನಿಸ್ ಚರ್ಚಿನ ಹೊಸ ಭಾಗ 1144ರಲ್ಲಿ ಮುಗಿಯಿತು, ಗಾಥಿಕ್ ಕಟ್ಟಡಗಳ ಮೊದಲು ಅಂತ ಅದನ್ನೇ ಹೇಳುತ್ತಾರೆ. ಅಂಥ ಕಟ್ಟಡಗಳ ಫೋಟೊ ನೋಡಿ ಕಲ್ಲಿನ ಗೆರೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಒಂದೊಂದು ಕಿಟಕಿಯಲ್ಲೂ ಹತ್ತು ಪದಕಗಳಿಗಾಗುವಷ್ಟು ವಿನ್ಯಾಸ ಇದೆ. ನಾನು ಮೂರು ವರ್ಷದಿಂದ ಬರೀ ಕಿಟಕಿಗಳನ್ನೇ ಮಾಡುತ್ತಿದ್ದೇನೆ, ಇನ್ನೂ ಬೇಸರ ಬಂದಿಲ್ಲ.

ಇಕ್ಕಳ_ಸುತ್ತಿಗೆ:

ಮೊಟ್ಟೆ ವಿಷಯ ನಿಜ. ಚೆನ್ನಾಗಿ ಗಟ್ಟಿಯಾಗಿ ಬೇಯಿಸಿ, ಬಿಸಿ ಇರುವಾಗಲೇ ಕಿವುಚಿ ಮುಚ್ಚಳದ ಡಬ್ಬಿಗೆ ಹಾಕಿ. ಗಂಧಕದ ಅನಿಲ ಅದರಿಂದಲೇ ಬರುವುದು. ಒಡವೆ ಮೊಟ್ಟೆಗೆ ತಾಗಬಾರದು, ತಾಗಿದ ಕಡೆ ಕಲೆ ಬೀಳುತ್ತದೆ, ದಾರ ಕಟ್ಟಿ ಮೇಲಿಂದ ಇಳಿಬಿಡಿ. ಅರ್ಧ ಗಂಟೆಗೊಮ್ಮೆ ನೋಡಿ. ಪೂರ್ತಿ ಕಪ್ಪಿಗೆ ಕೆಲವು ಗಂಟೆ ಬೇಕಾಗಬಹುದು. ಆ ಮೊಟ್ಟೆಯನ್ನು ಆಮೇಲೆ ಎಸೆದುಬಿಡಿ.

ಬೆಳ್ಳಿ ಪೀಸ್‌ಗಳನ್ನು ಇಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನಲ್ಲೂ ಗಂಧಕ ಇದೆ, ನೀವು ಹೊಳಪು ಬಿಟ್ಟ ಕಡೆಯೂ ಕಪ್ಪು ಗೆರೆ ಬೀಳುತ್ತದೆ.

ಬಾವಲಿರೆಕ್ಕೆ:

ಮಾಡಿದೆ! ಎರಡು ಮೊಟ್ಟೆ, ಒಂದು ಗಾಜಿನ ಡಬ್ಬಿ, 20 ಗೇಜ್ ಖಾಲಿ ತಾಮ್ರದ ಪುಟ್ಟ ಬಾವಲಿ. ಮೊದಲ ಗಂಟೆಯಲ್ಲಿ ಬರೀ ಕಂದು. ಮೂರನೇ ಗಂಟೆಗೆ ರೆಕ್ಕೆಯ ತುದಿಯಲ್ಲಿ ನೇರಳೆ ಬಂತು, ಅದನ್ನು ನೋಡಿ ಕಪ್ಪಾಗುವವರೆಗೆ ಕಾಯಲು ಮನಸ್ಸೇ ಬರಲಿಲ್ಲ. ಅಲ್ಲಿಗೇ ತೆಗೆದು ಉಜ್ಜಿ ಮೇಣ ಸವರಿದ್ದೇನೆ. ಮೂಳೆಗಳು ತಾಮ್ರದ ಬಣ್ಣ, ಮಧ್ಯದ ತಗ್ಗು ನೇರಳೆ. ಈಗ ನನ್ನ ಕುತ್ತಿಗೆಯಲ್ಲೇ ಇದೆ, ಒಂದು ತಿಂಗಳು ಹಾಕಿಕೊಂಡೇ ಇದ್ದು ನೋಡುತ್ತೇನೆ, ಆಮೇಲೆ ಮಾರಾಟಕ್ಕೆ ಇಡುವುದು. ಈ ನೇರಳೆ ಮೇಣದ ಕೆಳಗೆ ನಿಲ್ಲುತ್ತದಾ?

ಇಕ್ಕಳ_ಸುತ್ತಿಗೆ:

ಕಪ್ಪಿನಷ್ಟು ನಿಲ್ಲುವುದಿಲ್ಲ. ನೇರಳೆ, ನೀಲಿ ಬರುವುದು ಪದರ ಇನ್ನೂ ತೆಳುವಾಗಿದ್ದಾಗ, ದಿನ ಕಳೆದಂತೆ ಅದು ಕಂದು ಕಡೆಗೆ ತಿರುಗುತ್ತದೆ. ಮೇಣ ತಡ ಮಾಡಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಕೊಳ್ಳುವವರಿಗೆ ಮೊದಲೇ ಹಾಗೆ ಬರೆದು ಹೇಳಿ. ಮತ್ತೆ ತಿಂಗಳ ಕೊನೆಗೆ ಒಂದು ಫೋಟೊ ಇಲ್ಲಿ ಹಾಕಿ, ಮೊದಲ ದಿನದ್ದೂ ಪಕ್ಕದಲ್ಲಿರಲಿ.